ತಾಲೀಮು ಮನೆಯಲ್ಲಿ ವನ್ಸ್ ಮೋರ್

ಪಲ್ಟನ್ನಿನ ಬ್ಯಾಂಡಿನಲ್ಲಿ ಇದ್ದಷ್ಟು ಕಾಲ ನಾನು ಬೆಳಿಗ್ಗೆ ಐದಕ್ಕೆ ಎದ್ದೆ. ಪಿಂಚಣಿ ಹಿಡಿದು ಚಿತ್ರದುರ್ಗಕ್ಕೆ ಬಂದ ಮೇಲೂ ಐದಕ್ಕೇ ಎದ್ದೆ. ಇನ್ನು ಏಳಬೇಡ ಎಂದು ಯಾರೂ ಹುಕುಂ ಕೊಟ್ಟಿರಲಿಲ್ಲವಲ್ಲ.

ಎದ್ದು ಮುಖ ತೊಳೆದು, ಒಂದು ಲೋಟ ಚಾ ಕುಡಿದು, ಸ್ಯಾಕ್ಸೋಫೋನಿನ ಕೇಸನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದುಕೊಂಡು ಊರ ಹೊರಗಿನ ಬಂಡೆಗಳ ಕಡೆ ಹೋಗುತ್ತಿದ್ದೆ. ಮನೆಯಲ್ಲಿ ಊದಿದರೆ ವಠಾರವೇ ಎದ್ದು ಕೂರುತ್ತಿತ್ತು. ಬಂಡೆಗೆ ಎದುರಾಗಿ ನಿಂತರೆ ಊದಿದ್ದು ಹಾಗೆಯೇ ತಿರುಗಿ ಬಂದು ಕಿವಿಗೆ ಬೀಳುತ್ತದೆ, ತಪ್ಪು ಎಲ್ಲಿದೆ ಎಂದು ಬೇರೆಯವರು ಹೇಳಬೇಕಾಗಿಲ್ಲ. ಮೊದಲು ಒಂದೊಂದೇ ಸ್ವರವನ್ನು ಉಸಿರು ಮುಗಿಯುವ ತನಕ ಅಲುಗಾಡದಂತೆ ಹಿಡಿಯುವುದು. ಆಮೇಲೆ ಸ್ವರಗಳ ಏರಿಳಿತ, ನಿಧಾನವಾಗಿ ಒಮ್ಮೆ, ವೇಗವಾಗಿ ಒಮ್ಮೆ. ಇಷ್ಟು ಮುಗಿಯದೆ ಸ್ವಂತದ್ದಕ್ಕೆ ಕೈ ಹಾಕುತ್ತಿರಲಿಲ್ಲ. ಮದಕರಿಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬರು ಒಂದು ದಿನ ಕೋಲೂರಿ ನಿಂತು ಕೇಳಿದರು:

"ಏನಪ್ಪ ಮಿಲಿಟ್ರಿ, ಆವಾಗ್ಲಿಂದ ಒಂದನ್ನೇ ಊದ್ತಾ ಇದೀಯ. ಮುಂದ್ಲುದು ಬರಾದಿಲ್ವಾ?"

"ಬರ್ತೈತೆ. ಮೊದ್ಲು ಇದು ನೆಟ್ಟಗಾಗ್ಲಿ."

"ಒಂದಕ್ಕೇ ಇಷ್ಟೊತ್ತು ಅಂದ್ರೆ ನಿಂದು ಮುಗಿಯಾದು ಯಾವಾಗ?" ಎಂದು ನಕ್ಕು ಕುರಿ ಹಿಂದೆ ಹೋದರು.

ನಮ್ಮದೂ ಕುರಿ ಸಾಕುವ ಮನೆತನವೇ. ತುರುವನೂರಿನ ಹತ್ತಿರ ಹೊಲ, ಒಂದಿಷ್ಟು ಕುರಿ. ಮೀಸೆ ಚಿಗುರುವ ವಯಸ್ಸಿಗೆ ಸೈನ್ಯಕ್ಕೆ ಸೇರಿದೆ. ನನ್ನ ಎದೆಯಗಲ ನೋಡಿ ಬ್ಯಾಂಡಿಗೆ ಹಾಕಿದರು. ನಮ್ಮ ಬ್ಯಾಂಡ್ ಮಾಸ್ತರರು ಗೋವಾದವರು. ಬೆಳಿಗ್ಗೆ ಪರೇಡಿಗೆ ಮಾರ್ಚು ಬಾರಿಸುವುದು, ಶನಿವಾರ ಆಫೀಸರುಗಳ ಮೆಸ್ಸಿನಲ್ಲಿ ಡಾನ್ಸಿಗೆ ಬಾರಿಸುವುದು ನಮ್ಮ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಮಾಸ್ತರರು ತಮಗೆ ಬೇಕಾದ ನಾಲ್ಕಾರು ಜನರನ್ನು ಕೂರಿಸಿಕೊಂಡು ಗ್ರಾಮಫೋನಿನಲ್ಲಿ ಜಾಜ್ ಕೇಳಿಸುತ್ತಿದ್ದರು, ಕಲಿಸುತ್ತಿದ್ದರು. ಜಾಜ್ ಎಂದರೆ ಹೀಗೆ: ಒಂದು ಮಟ್ಟು ಇರುತ್ತದೆ. ಅದನ್ನು ಎಲ್ಲರೂ ಸೇರಿ ಒಮ್ಮೆ ನುಡಿಸುತ್ತಾರೆ. ಆಮೇಲೆ ತಾಳ ಮತ್ತು ಕೆಳಗಿನ ಸ್ವರಗಳು ಹಾಗೆಯೇ ಸಾಗುತ್ತಿರುತ್ತವೆ, ಒಬ್ಬನು ಅದರ ಮೇಲೆ ಆ ಗಳಿಗೆಗೆ ಹೊಳೆದದ್ದನ್ನು ಕಟ್ಟುತ್ತಾ ಹೋಗುತ್ತಾನೆ. ಕೊನೆಗೆ ಮತ್ತೆ ಮಟ್ಟಿಗೆ ಬರುತ್ತಾನೆ. ಇವತ್ತು ಕಟ್ಟಿದ್ದು ನಾಳೆ ಬರುವುದಿಲ್ಲ, ಬರಬಾರದು. ಇಷ್ಟು ಕೇಳಿದವರು ಇದೇನು ಮನಬಂದಂತೆ ಊದುವುದು ಎಂದುಕೊಳ್ಳಬಹುದು. ಆದರೆ ಬರೆದ ಸಂಗೀತವನ್ನು ಒಂದು ಸ್ವರವೂ ತಪ್ಪದೆ ಓದಿ ನುಡಿಸಲು ಬಾರದವನನ್ನು ಮಾಸ್ತರರು ಭಾನುವಾರದ ಕೋಣೆಯ ಬಾಗಿಲ ಬಳಿಯೂ ಬಿಡುತ್ತಿರಲಿಲ್ಲ. ಆ ಶಿಸ್ತು ನನಗೆ ಹಿಡಿಸಿತು. ಅದರೊಳಗಿಂದ ಸಿಗುವ ಬಿಡುಗಡೆ ಇನ್ನೂ ಹಿಡಿಸಿತು.

ಊರಿಗೆ ಬಂದಾಗ ಎಪ್ಪತ್ತರ ದಶಕದ ಮೊದಲ ವರ್ಷಗಳು. ನನ್ನ ಸೋದರಮಾವನದು ಚಿತ್ರದುರ್ಗದಲ್ಲಿ ಮದುವೆ ಬ್ಯಾಂಡ್ ಸೆಟ್ ಇತ್ತು. ಜರಿಪಟ್ಟಿಯ ಕೆಂಪು ಕೋಟು, ಕುಚ್ಚಿನ ಟೋಪಿ. ಸ್ಯಾಕ್ಸೋಫೋನ್ ಊದುವವನು ಮನೆಯಲ್ಲೇ ಸಿಕ್ಕನಲ್ಲ ಎಂದು ಮಾವ ಹಿಗ್ಗಿದರು. ನಾನು ಸೇರಿದೆ. ಲಗ್ನದ ದಿನಗಳು ಬಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಬಿ.ದುರ್ಗ ಎಂದು ಬಸ್ಸಿನ ಮೇಲೆ ಡ್ರಮ್ಮು ಕಟ್ಟಿಕೊಂಡು ತಿರುಗುವುದೇ ತಿರುಗುವುದು. ಮೆರವಣಿಗೆಯಲ್ಲಿ ಯಾರು ಬೇಕಾದರೂ ಬಂದು ನಮ್ಮ ಭುಜ ತಟ್ಟಿ "ಇದು ಸಾಕು, ಆ ಹಾಡು ಹೊಡೀರಿ" ಎನ್ನಬಹುದಾಗಿತ್ತು. ತಟ್ಟಿದರೆ ನಡುವೆಯೇ ನಿಲ್ಲಿಸಿ ಅವರು ಹೇಳಿದ್ದನ್ನು ಹಿಡಿಯಬೇಕು. ಒಂದು ಹಾಡನ್ನು ಮೊದಲಿನಿಂದ ಕೊನೆಯ ತನಕ ಬಾರಿಸಿದ ನೆನಪು ಆ ವರ್ಷಗಳಲ್ಲಿ ನನಗಿಲ್ಲ.

ಅದರ ಬಗ್ಗೆ ನನಗೆ ದೂರಿರಲಿಲ್ಲ. ಕೆಲಸ ಕೆಲಸವೇ. ಆದರೆ ಈ ತಿರುಗಾಟದಲ್ಲೇ ನನ್ನ ತಲೆಯಲ್ಲಿ ನನ್ನವೇ ಮಟ್ಟುಗಳು ಕೂಡಿಕೊಂಡಿದ್ದವು. ಹೊಸದುರ್ಗ ರೋಡ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ರೈಲಿಗೆ ಕಾಯುತ್ತಾ ಕುಳಿತಾಗ ಒಂದು ನಿಧಾನದ ಮಟ್ಟು ಹುಟ್ಟಿತು. ಹಿರಿಯೂರಿನಿಂದ ಬರುವ ಬಸ್ಸು ಏರು ಸಿಕ್ಕಾಗಲೆಲ್ಲ ಗೇರು ಬದಲಿಸಿ ನರಳುತ್ತಿತ್ತು, ಇಳಿಜಾರು ಬಂದ ಕೂಡಲೇ ಹಗುರಾಗಿ ಓಡುತ್ತಿತ್ತು. ಅದರಿಂದ ಇನ್ನೊಂದು ಬಂತು. ಅದಕ್ಕೆ 'ಹಿರಿಯೂರು ದಾರಿ' ಎಂದೇ ಹೆಸರಿಟ್ಟೆ. ಇನ್ನೂ ಒಂದೆರಡು ಇದ್ದವು. ಅವನ್ನು ಬಂಡೆಗೆ ಊದಿ ಊದಿ ಸಾಕಾಗಿತ್ತು. ಮನುಷ್ಯರಿಗೆ ಊದಬೇಕಿತ್ತು, ಅವರು ಕೂತು ಕೇಳಬೇಕಿತ್ತು, ನಡುವೆ ಯಾರೂ ಭುಜ ತಟ್ಟಬಾರದು.

ಮಾವನನ್ನು ಕೇಳಿದೆ. ಆರತಕ್ಷತೆಯಲ್ಲಿ ಹೇಗೂ ಒಂದೇ ಕಡೆ ಕುಳಿತು ಬಾರಿಸುತ್ತೇವೆ, ಅಲ್ಲಿ ನನ್ನದೊಂದು ಇರಲಿ ಎಂದೆ.

"ಲೇ, ದುಡ್ಡು ಕೊಟ್ಟು ಕರೆಸೋರು ತಮಗೆ ಬೇಕಾದ್ದು ಕೇಳ್ತಾರೆ. ನಿನ್ ತಲೇಲಿ ಏನೈತೆ ಅಂತ ಕೇಳಾಕೆ ಯಾರು ಕಾಯ್ತಾ ಕುಂತವ್ರೆ?"

"ಕೇಳಿಸಿದ್ರೆ ಕೇಳ್ತಾರೆ ಮಾವ."

"ಎದ್ದು ಹೋಗ್ತಾರೆ."

"ಹೋಗಲ್ಲ."

ಎಲೆ ಅಡಿಕೆ ಜಗಿಯುತ್ತಾ ಮಾವ ನನ್ನನ್ನೇ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಕೊನೆಗೆ ಕರಾರು ಹೇಳಿದರು: "ಒಂದಿನ ಎಲ್ಲಾರ ಒಂದು ಕಡೆ ಜನ ಸೇರ್ಸು. ಸಿನಿಮಾ ಹಾಡು ಒಂದೂ ಹೊಡೀಬಾರ್ದು. ನಿನ್ನವೇ ಊದ್ಬೇಕು. ಕಡೇ ತನಕ ಜನ ಕುಂತ್ರೆ ಆರತಕ್ಷತೆಗೆ ನಿಂದೊಂದು ಇಟ್ಕಳಾಣ. ಎದ್ದು ಹೋದ್ರೆ ಈ ಮಾತು ನನ್ ಮುಂದೆ ಮತ್ತೆ ಎತ್ತಂಗಿಲ್ಲ."

"ಆಗ್ಲಿ" ಎಂದೆ.

ಜಾಗ ಕೊಟ್ಟವರು ಪೆಟ್ಟಿಗೆ ಮಾಸ್ತರು. ಹವ್ಯಾಸಿಗಳಿಗೆ ನಾಟಕ ಕಲಿಸುವವರು. ಹಾರ್ಮೋನಿಯಂ ನುಡಿಸುವುದರಿಂದ ನಮ್ಮ ಕಡೆ ಅಂಥವರನ್ನು ಪೆಟ್ಟಿಗೆ ಮಾಸ್ತರು ಎನ್ನುತ್ತಾರೆ. ಎಣ್ಣೆ ಮಿಲ್ಲಿನ ಹಿಂದಿದ್ದ ಹಳೆಯ ಗೋದಾಮು ಅವರ ತಾಲೀಮು ಮನೆ. ಹೆಂಚಿನ ಮಾಡು, ಸುಣ್ಣದ ಗೋಡೆ. ಶೇಂಗಾ ಹಿಂಡಿಯ ವಾಸನೆ ನೆಲಕ್ಕೇ ಹಿಡಿದಿತ್ತು. ಒತ್ತಾಗಿ ಕೂತರೆ ಒಂದು ಸಣ್ಣ ಮದುವೆಯ ದಿಬ್ಬಣದಷ್ಟು ಜನ ಹಿಡಿಯುತ್ತಿದ್ದರು. ಮಾಸ್ತರಿಗೆ ನಾನು ಇನ್ನೊಂದು ಕೆಲಸವನ್ನೂ ಹಚ್ಚಿದೆ. ನನ್ನ ಕೆಳಗೆ ಸ್ವರಗಳನ್ನು ಹಿಡಿಯಲು ಒಬ್ಬರು ಬೇಕಿತ್ತು. ಪೆಟ್ಟಿಗೆಯ ಮೂರು ಮೂರು ಸ್ವರದ ಮನೆಗಳನ್ನು ಒಟ್ಟಿಗೆ ಒತ್ತಿ, ನಾನು ತಲೆಯಾಡಿಸುವ ತನಕ ಹಾಗೆಯೇ ಹಿಡಿದಿರಿ ಎಂದು ತೋರಿಸಿಕೊಟ್ಟೆ.

"ಸುಮ್ನೆ ಹಿಡ್ಕಂಡು ಕುಂತ್ಕಳ್ಳಾಕೆ ಇದೇನು ಎಮ್ಮೆ ಹಗ್ಗನಾ ಮಿಲಿಟ್ರಿ?"

"ಹಂಗೇ ಅಂದ್ಕಳ್ರಿ ಮಾಸ್ತರೆ. ಬಿಟ್ರೆ ಎಮ್ಮೆ ಓಡ್ತೈತೆ."

ಡ್ರಮ್ಮಿಗೆ ನಮ್ಮ ಸೆಟ್ಟಿನ ಡ್ರಮ್ಮಿನವನೇ ಬಂದ, ಅವನನ್ನು ಎಲ್ಲರೂ ಭಾಯಿ ಎನ್ನುತ್ತಿದ್ದೆವು. ಕೋಲಿನಲ್ಲಿ ಬಡಿದರೆ ಆ ಪುಟ್ಟ ಜಾಗದಲ್ಲಿ ನನ್ನ ಸದ್ದು ಮುಳುಗಿಹೋಗುತ್ತಿತ್ತು. ಆದ್ದರಿಂದ ಈಚಲು ಪೊರಕೆಯಿಂದ ಒಂದು ಹಿಡಿ ಕಡ್ಡಿ ಕಿತ್ತು, ದಾರದಿಂದ ಬಿಗಿದು ಎರಡು ಕುಂಚ ಮಾಡಿಕೊಟ್ಟೆ. ಅದರಿಂದ ಚರ್ಮವನ್ನು ಸವರಿದರೆ ಸರಸರ ಎಂದು ತಾಳ ಬರುತ್ತಿತ್ತು. "ಇಷ್ಟು ವರ್ಷ ಡ್ರಮ್ ಬಡಿದಿದ್ದಕ್ಕೆ ಬಡ್ತಿ ಸಿಕ್ತು ನೋಡು, ಈಗ ಅದರ ಮೇಲೆ ಕಸ ಗುಡಿಸ್ತೀನಿ" ಎಂದು ಭಾಯಿ ಹೇಳಿದ. ಹೇಳಿದರೂ ತಾಲೀಮಿಗೆ ಒಂದು ದಿನವೂ ತಪ್ಪಿಸಲಿಲ್ಲ. ತಡವಾಗಿ ಬಂದರೆ ನಾನು ಬಾಗಿಲು ಹಾಕುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

ಭಾನುವಾರ ಸಂಜೆ ನಾಲ್ಕಕ್ಕೆ ಎಂದು ಎಲ್ಲರಿಗೂ ಹೇಳಿದ್ದೆವು. ನಾಲ್ಕಕ್ಕೆ ತಾಲೀಮು ಮನೆಯಲ್ಲಿ ಮಾವ, ನನ್ನ ಹೆಂಡತಿ, ತುರುವನೂರಿನ ಕಡೆಯಿಂದ ಬಂದಿದ್ದ ನನ್ನ ಸೋದರತ್ತೆ, ಮಿಲ್ಲಿನ ಕೆಲವು ಹಮಾಲರು ಇದ್ದರು. ನಾನು ವಾದ್ಯದ ಬಾಯಿಗೆ ಕಟ್ಟುವ ಬೆತ್ತದ ಸೀಳು, ರೀಡನ್ನು, ನಾಲಿಗೆಯಿಂದ ಒದ್ದೆ ಮಾಡಿ ಎದ್ದು ನಿಂತೆ.

"ಜನಾನೇ ಬಂದಿಲ್ಲ, ಇಷ್ಟು ಬೇಗ ಯಾಕೆ?" ಎಂದರು ಮಾವ.

"ನಾಲ್ಕು ಅಂದಿದ್ವಿ. ನಾಲ್ಕಾಯ್ತು."

ಹೊಸದುರ್ಗ ರೋಡಿನ ನಿಧಾನದ ಮಟ್ಟಿನಿಂದ ಶುರು ಮಾಡಿದೆ. ಅದು ಮುಗಿಯುವುದರೊಳಗೆ ನಾಟಕದ ಹುರಿಯಾಳುಗಳು, ಮಿಲ್ಲಿನ ಗುಮಾಸ್ತರು, ಅಕ್ಕಪಕ್ಕದ ಓಣಿಯವರು ಒಬ್ಬೊಬ್ಬರಾಗಿ ಬಂದು ಗೋಡೆಯುದ್ದಕ್ಕೂ ತುಂಬಿಕೊಂಡರು. ಬಂದವರು ಚಪ್ಪಲಿ ಬಿಟ್ಟು, ಪಿಸುಗುಟ್ಟಿ, ಕೂತರು. ಮುಗಿದಾಗ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಇನ್ನೂ ಶುರುವಾಗುವುದಕ್ಕೇ ಕಾಯುತ್ತಿದ್ದರು. ನಾನು ಕಾಯಿಸಲಿಲ್ಲ. ಭಾಯಿಯ ಕಡೆ ನೋಡಿ ಕಾಲಿನಲ್ಲಿ ಲೆಕ್ಕ ಹಾಕಿ 'ಹಿರಿಯೂರು ದಾರಿ' ಎತ್ತಿದೆ.

ಅದು ಚೆನ್ನಾಗಿ ಬಂತು. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ, ಆದರೆ ಬಂದದ್ದು ನಿಜ. ಮಟ್ಟು ಮುಗಿಸಿ, ಅದರಿಂದ ಹೊರಬಿದ್ದು ಸ್ವಂತದ್ದು ಕಟ್ಟತೊಡಗಿದಾಗ ಒಂದು ಸಣ್ಣ ಸಾಲು ಸಿಕ್ಕಿತು. ಕೆಳಗಿನಿಂದ ಮೆಟ್ಟಿಲು ಹತ್ತಿ ಮೇಲೆ ಒಂದು ಕ್ಷಣ ತಡೆದು ಜಾರುವಂಥದು. ಅದನ್ನು ಹಿಡಿದು ತಿರುಗಿಸಿ, ಮುರಿದು, ಮತ್ತೆ ಜೋಡಿಸಿ, ಇಳಿಜಾರಿನಲ್ಲಿ ಬಸ್ಸು ಬಿಟ್ಟಂತೆ ಬಿಟ್ಟು ಮಟ್ಟಿಗೆ ಬಂದು ನಿಂತೆ. ಕೋಣೆಯೆಲ್ಲ ಒಮ್ಮೆಗೇ ಕೂಗಿತು:

"ವನ್ಸ್ ಮೋರ್!"

ನಾಟಕ ನೋಡಿ ಬೆಳೆದ ಊರು. ಹಾಡು ಹಿಡಿಸಿದರೆ ವನ್ಸ್ ಮೋರ್ ಎನ್ನುವುದು ಪ್ರೇಕ್ಷಕರ ಹಕ್ಕು, ಮತ್ತೆ ಹಾಡುವುದು ನಟನ ಕರ್ತವ್ಯ. ಪೆಟ್ಟಿಗೆ ಮಾಸ್ತರು ನನ್ನ ಕಡೆ ಬಗ್ಗಿ ಹೇಳಿದರು: "ಇಲ್ಲ ಅನ್ನಂಗಿಲ್ಲ ಮಿಲಿಟ್ರಿ. ಈ ಮನೇಲಿ ಸತ್ತ ರಾಜನೂ ಎದ್ದು ಇನ್ನೊಂದ್ಸಲ ಹಾಡಿ ಮತ್ತೆ ಸಾಯ್ತಾನೆ."

ಸಂತೋಷವಾಗಿಯೇ ಮತ್ತೆ ಎತ್ತಿದೆ. ಮಟ್ಟು ಮುಗಿಯಿತು, ಹೊರಬಿದ್ದೆ. ಈ ಸಲ ಕಂಡದ್ದು ಬೇರೆ ದಾರಿ. ಎತ್ತರದಲ್ಲೇ ಶುರುವಾಗಿ ತುಂಡು ತುಂಡಾಗಿ ಇಳಿಯುವ ಸಾಲುಗಳು ಬಂದವು. ಅದರ ಹಿಂದೆ ಹೋದೆ. ಸ್ವಲ್ಪ ಹೊತ್ತಿನಲ್ಲೇ ಗುಜುಗುಜು ಕೇಳಿಸಿತು.

"ಇದು ಅದಲ್ಲ."

"ಆಗ್ಲೇ ಬೇರೆ ಇತ್ತು."

ಮಿಲ್ಲಿನ ಗುಮಾಸ್ತರೊಬ್ಬರು ಎದ್ದು ನಿಂತೇಬಿಟ್ಟರು. "ಸ್ವಾಮಿ, ವನ್ಸ್ ಮೋರ್ ಅಂದ್ರೆ ಮೊದ್ಲು ಊದಿದ್ದೇ ಊದ್ಬೇಕ್ರಿ. ಇದು ಯಾವುದೋ ಹೊಸದು."

"ಕುಂತ್ಕಳ್ರಿ, ನೆನೆಸ್ಕಳ್ತಾ ಅವ್ರೆ" ಎಂದು ಪಕ್ಕದವರು ಅವರ ಪಂಚೆ ಜಗ್ಗಿದರು.

ಅತ್ತೆ ಮುಂದಿನ ಸಾಲಿನಿಂದಲೇ ಗಟ್ಟಿಯಾಗಿ ಹೇಳಿದರು: "ಪಾಪ, ಮರ್ತ್ ಹೋಗೈತೆ ಕಣ್ರೋ. ದೇಶ ಕಾದು ದಣಿದು ಬಂದೈತೆ ಕೂಸು. ಬಿಡ್ರಿ ಅದನ್ನ."

ನಗೆ ಎದ್ದಿತು. ಆಗ ಪೆಟ್ಟಿಗೆ ಮಾಸ್ತರು ಒಂದು ಉಪಕಾರ ಮಾಡಿದರು. ರಂಗದ ಮೇಲೆ ನಟ ಹಾಡು ಮರೆತು ತಡವರಿಸಿದರೆ ಪೆಟ್ಟಿಗೆಯಲ್ಲಿ ಆ ಸಾಲನ್ನು ನುಡಿಸಿ ಅವನನ್ನು ದಾರಿಗೆ ಹಚ್ಚುವುದು ಅವರ ಜೀವನದ ಕೆಲಸ. ನಾನೂ ಮರೆತೆನೆಂದೇ ಅವರು ತಿಳಿದರು. ನಾನು ಹೇಳಿದ್ದ ಮೂರು ಸ್ವರಗಳ ಹಿಡಿತವನ್ನು ಬಿಟ್ಟು, ಮೊದಲ ಸಲ ನನಗೆ ಸಿಕ್ಕಿತ್ತಲ್ಲ, ಆ ಮೆಟ್ಟಿಲು ಹತ್ತುವ ಸಾಲು, ಅದನ್ನು ಅಚ್ಚುಕಟ್ಟಾಗಿ ನುಡಿಸಿ ಕಣ್ಣಿನಲ್ಲೇ 'ಹಿಡಿ, ಹಿಡಿ' ಎಂದರು.

"ಹಾಂ, ಅದೇ! ಅದೇ!" ಎಂದಿತು ಕೋಣೆ.

ನಾನು ಊದುವುದನ್ನು ನಿಲ್ಲಿಸಿದೆ. ಬಾಗಿಲ ಬಳಿ ಇಬ್ಬರು ಎದ್ದು ಚಪ್ಪಲಿ ಹುಡುಕುತ್ತಿದ್ದರು. ಮಾವ ಗೋಡೆಗೊರಗಿ, ತೋಳು ಕಟ್ಟಿ, ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಗೆದ್ದೆನೆಂಬ ಬೀಗುವಿಕೆ ಇರಲಿಲ್ಲ. ಮುಂಚೆಯೇ ಹೇಳಿದ್ದೆನಲ್ಲ ಎನ್ನುವ ಒಂದು ಸಮಾಧಾನ ಇತ್ತು. ಅದು ನನಗೆ ಇನ್ನೂ ಚುಚ್ಚಿತು.

ಮೊದಲ ಸಲ ನುಡಿಸಿದ್ದು ನನಗೆ ಪೂರ್ತಿ ನೆನಪಿತ್ತು. ಪಲ್ಟನ್ನಿನಲ್ಲಿ ಕಾಗದ ನೋಡದೆ ಮಾರ್ಚು ಬಾರಿಸಿದ ತಲೆ ಅದು. ಬೇಕೆಂದರೆ ಸ್ವರಕ್ಕೆ ಸ್ವರ ಮತ್ತೆ ಊದಬಹುದಿತ್ತು. ಜನ ಕೂರುತ್ತಿದ್ದರು, ಕರಾರಿನಲ್ಲಿ ನಾನು ಗೆಲ್ಲುತ್ತಿದ್ದೆ. ಆದರೆ ಅಲ್ಲಿಂದ ಮುಂದೆ ಅದೂ ಒಂದು ಗೊತ್ತಾದ ಹಾಡಾಗುತ್ತಿತ್ತು. ಹಿರಿಯೂರಿನಲ್ಲೂ ಹೊಳಲ್ಕೆರೆಯಲ್ಲೂ ಅದನ್ನೇ, ಹಾಗೆಯೇ ಊದು ಎನ್ನುತ್ತಿದ್ದರು. ನಾನು ಮಾವನನ್ನು ಕೇಳಿದ್ದು ಅಂಥ ಇನ್ನೊಂದು ಹಾಡಿಗೆ ಜಾಗವನ್ನಲ್ಲ. ಊದುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಆದರೆ ಜನ ತಪ್ಪು ಕೇಳುತ್ತಿಲ್ಲ ಎಂಬುದೂ ಕಾಣುತ್ತಿತ್ತು. ಅವರಿಗೆ ಹಿಡಿಸಿದ್ದು ಅವರಿಗೆ ಬೇಕು. ಅದೀಗ ಮಾಸ್ತರ ಬೆರಳಿನಲ್ಲಿ ಇತ್ತು.

"ಮಾಸ್ತರೆ, ಈಗ ನುಡಿಸಿದ್ರಲ್ಲ, ಅದನ್ನ ಬಿಡಬ್ಯಾಡ್ರಿ. ಅದನ್ನೇ ನುಡಿಸ್ತಾ ಇರ್ರಿ. ಮುಗೀತಿದ್ದಂಗೆ ಮತ್ತೆ ಮೊದ್ಲಿಂದ."

"ನೀನು?"

"ನಾನು ಮರ್ತಿಲ್ಲ. ನೀವು ನುಡಿಸ್ರಿ."

ಜನರ ಕಡೆ ತಿರುಗಿದೆ. ಪರೇಡಿನಲ್ಲಿ ಹೇಳುವಂತೆಯೇ ಹೇಳಿದೆ. ಬೇರೆ ಥರ ಹೇಳಲು ನನಗೆ ಬರುತ್ತಿರಲಿಲ್ಲ. "ನಿಮ್ಮ ವನ್ಸ್ ಮೋರ್ ಮಾಸ್ತರ ಪೆಟ್ಟಿಗೇಲಿ ಐತೆ. ಅದು ಬದಲಾಗಲ್ಲ. ನೀವು ಅದಕ್ಕೆ ಚಪ್ಪಾಳೆ ಹಾಕ್ರಿ, ಭಾಯಿ ಹೆಂಗೆ ತೋರಿಸ್ತಾನೋ ಹಂಗೆ. ನಾನು ಅದರ ಮೇಲೆ ಹೋಗಿ ಬರ್ತೀನಿ. ಹೋದಾಗ ಕರೀಬ್ಯಾಡ್ರಿ. ಬಂದಾಗ ನಿಮಗೇ ಗೊತ್ತಾಗ್ತೈತೆ."

"ಎಲ್ಲಿಗೆ ಹೋಗ್ತೀರಿ ಮಿಲಿಟ್ರಿ?" ಎಂದು ಹಿಂದಿನಿಂದ ಒಬ್ಬ ಹಮಾಲ ಕೂಗಿದ.

"ಹಿರಿಯೂರಿಗೆ" ಎಂದ ಭಾಯಿ.

ನಗೆಯ ನಡುವೆಯೇ ಮಾಸ್ತರು ಶುರು ಮಾಡಿದರು. ಮೊದಲು ಅನುಮಾನದಿಂದ, ಆಮೇಲೆ ಕಾಲಿನಿಂದ ತಿದಿಯನ್ನು ಜೋರಾಗಿ ಒತ್ತುತ್ತಾ. ಭಾಯಿ ಪೊರಕೆ ಕಡ್ಡಿಯನ್ನು ಕೆಳಗಿಟ್ಟು ಅಂಗೈಯಲ್ಲೇ ಡ್ರಮ್ಮಿನ ಮೇಲೆ ತಾಳ ತೋರಿಸಿದ. ತಾಳ ಹಾಕಲು ನಮ್ಮ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಗೋಡೆಯಿಂದ ಗೋಡೆಗೆ ಚಪ್ಪಾಳೆ ಒಂದಾಯಿತು. ಅದು ಗಟ್ಟಿಯಾಗಿ ನಿಂತ ಮೇಲೆ ನಾನು ಹೊರಟೆ.

ಏನು ಊದಿದೆ ಎಂದು ಈಗ ಹೇಳಲಾರೆ. ಕೆಳಗೆ ಅದೇ ಸಾಲು ತಿರುಗಿ ತಿರುಗಿ ಬರುತ್ತಿತ್ತು, ಪಲ್ಟನ್ನಿನಲ್ಲೂ ನನಗೆ ಅಷ್ಟು ಗಟ್ಟಿ ನೆಲ ಸಿಕ್ಕಿರಲಿಲ್ಲ. ದೂರ ಹೋದಾಗ ಚಪ್ಪಾಳೆ ಸ್ವಲ್ಪ ಅಳುಕುತ್ತಿತ್ತು, ಮಾಸ್ತರು ತಲೆಯೆತ್ತಿ ಜನರನ್ನು ಗದರುವ ಹಾಗೆ ನೋಡುತ್ತಿದ್ದರು, ಮತ್ತೆ ಗಟ್ಟಿಯಾಗುತ್ತಿತ್ತು. ನಾನು ಇಳಿದು ಬಂದು ಅವರ ಸಾಲಿಗೇ ಸೇರಿದಾಗ "ಬಂದಾ!" ಎಂದು ಅತ್ತೆ ಕೂಗಿದರು. ಇನ್ನೊಮ್ಮೆ ಹೋದೆ, ಇನ್ನೊಮ್ಮೆ ಬಂದೆ. ಆಗ ಎಲ್ಲರೂ ಕೂಗಿದರು. ಚಪ್ಪಲಿ ಹುಡುಕುತ್ತಿದ್ದವರಲ್ಲಿ ಒಬ್ಬರು ಒಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತು ಚಪ್ಪಾಳೆ ಹಾಕುತ್ತಿದ್ದರು. ಇನ್ನೊಬ್ಬರು ಕಾಣಲಿಲ್ಲ.

ಅದಾದ ಮೇಲೆ ಉಳಿದ ಎರಡು ಮಟ್ಟುಗಳನ್ನೂ ನುಡಿಸಿದೆ. ಮಿಲ್ಲಿನ ಅಂಗಳದಲ್ಲಿ ಬೆಳಕು ಇರುವಾಗಲೇ ಮುಗಿಸಿ, ವಂದನೆ ಹೇಳಿ, ವಾದ್ಯದೊಳಗಿನ ನೀರು ಒರೆಸಿ ಕೇಸಿಗೆ ಹಾಕಿದೆ.

ಮಾವ ಹತ್ತಿರ ಬಂದರು. "ಒಬ್ಬ ಎದ್ದು ಹೋದ. ನೋಡಿದೀನಿ."

"ಒಬ್ಬ ಹೋದ, ಹೌದು. ಮಿಕ್ಕೋರು ಕುಂತ್ರಲ್ಲ."

"ಕುಂತಿದ್ದು ಅವರಾ, ನೀನು ಕೂರ್ಸಿದ್ದಾ? ಚಪ್ಪಾಳೆ ಹಾಕು ಅಂದ್ರೆ ಯಾರು ಎದ್ದು ಹೋಗ್ತಾರೆ? ಪರೇಡ್ ಮಾಡಿಸ್ಬಿಟ್ಟೆ ನೀನು."

"ಪರೇಡೇ ಅನ್ರಿ ಮಾವ. ಸಿನಿಮಾ ಹಾಡು ಹೊಡ್ದಿಲ್ಲ. ಜನ ಕಡೇ ತನಕ ಇದ್ರು. ನಮ್ಮ ಕರಾರು ಅಷ್ಟೇ."

ನನ್ನ ಹೆಂಡತಿ ಅತ್ತೆಯ ಕೈ ಹಿಡಿದು ಎಬ್ಬಿಸುತ್ತಾ ತಿರುಗಿಯೂ ನೋಡದೆ ಹೇಳಿದಳು: "ನೀವೂ ಚಪ್ಪಾಳೆ ಹಾಕಿದ್ರಲ್ಲ ಮಾವ, ನಾನು ನೋಡ್ದೆ."

"ಎಲ್ಲರೂ ಹಾಕ್ವಾಗ ಒಬ್ನೇ ಸುಮ್ನೆ ಕುಂತ್ರೆ ಚೆನ್ನಾಗಿರಲ್ಲ ಅಂತ ಹಾಕ್ದೆ" ಎಂದರು ಮಾವ. ಆಮೇಲೆ, "ಆರತಕ್ಷತೆಗೆ ಒಂದು. ಒಂದೇ. ಯಾರಾದ್ರೂ ಬಂದು ಬ್ಯಾಡ ಅಂದ್ರೆ ಅಲ್ಲಿಗೆ ನಿಲ್ಲಿಸ್ಬೇಕು" ಎಂದರು.

ಆ ಕೊನೆಯ ಮಾತಿಗೆ ನಾನು ಹೂಂ ಎನ್ನಲಿಲ್ಲ.

ಮುಂದಿನ ಲಗ್ನ ಹೊಳಲ್ಕೆರೆಯಲ್ಲಿ ಬಂತು. ಸಂಜೆ ಚಪ್ಪರದಲ್ಲಿ ವಧೂವರರನ್ನು ಕುರ್ಚಿಯಲ್ಲಿ ಕೂರಿಸಿ, ಜನ ಸಾಲಾಗಿ ಬಂದು ಅಕ್ಷತೆ ಹಾಕಿ ಊಟದ ಕಡೆ ಹೋಗುತ್ತಿದ್ದರು. ನಾವು ಒಂದು ಬದಿಗೆ ಬೆಂಚು ಹಾಕಿಕೊಂಡು ಕೆಂಪು ಕೋಟಿನಲ್ಲಿ ಕೂತಿದ್ದೆವು. ಎರಡು ಸಿನಿಮಾ ಹಾಡು ಆದ ಮೇಲೆ ಮಾವ ನನ್ನ ಕಡೆ ನೋಡಿದರು. ನಾನು 'ಹಿರಿಯೂರು ದಾರಿ' ಎತ್ತಿದೆ. ಸೆಟ್ಟಿನ ಕ್ಲಾರಿನೆಟ್ಟಿನವನಿಗೆ ಮಾಸ್ತರ ಆ ಸಾಲನ್ನು ಮೊದಲೇ ಕಲಿಸಿಟ್ಟಿದ್ದೆ.

ಯಾರೂ ವಿಶೇಷವಾಗಿ ಕೇಳುತ್ತಿರಲಿಲ್ಲ. ಪಾತ್ರೆಗಳ ಸದ್ದು, ಮಕ್ಕಳ ಓಟ, ಹೂವಿನ ಹಾರ ಎಲ್ಲಿ ಎಂದು ಯಾರೋ ಯಾರನ್ನೋ ಕೇಳುವುದು. ಅದರ ನಡುವೆಯೇ ಮಟ್ಟು ಮುಗಿಸಿ ಹೊರಬಿದ್ದೆ. ಅರ್ಧ ದಾರಿಗೆ ಹೋಗಿದ್ದೆ. ಗಂಡಿನ ಕಡೆಯ ಯಜಮಾನರೊಬ್ಬರು, ಜರಿಪೇಟದವರು, ನೆಟ್ಟಗೆ ನನ್ನ ಕಡೆಗೇ ಬಂದು ಭುಜ ತಟ್ಟಲು ಕೈ ಎತ್ತಿದರು. ಭಾಯಿ ನನ್ನನ್ನು ನೋಡಿದ. ನಾನು ಕಣ್ಣು ಮುಚ್ಚಿ ಮುಂದುವರಿಸಿದೆ.

ಭುಜದ ಮೇಲೆ ಕೈ ಬೀಳಲಿಲ್ಲ. ಕಣ್ಣು ಬಿಟ್ಟಾಗ ಮಾವ ಬೆಂಚಿನಿಂದ ಎದ್ದು ನನಗೂ ಅವರಿಗೂ ನಡುವೆ ನಿಂತಿದ್ದರು. ಟೋಪಿಯ ಕುಚ್ಚು ಕಿವಿಯ ಮೇಲೆ ಬಿದ್ದಿತ್ತು. ಅಷ್ಟು ವರ್ಷ ಬ್ಯಾಂಡ್ ನಡೆಸಿದ ಮಾವ, ಕರೆಸಿದ ಮನೆಯವರನ್ನು ಕಾಯಿಸಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

"ನಿಮ್ಮ ಹಾಡು ಹೊಡಸ್ತೀನಿ ಸಾಹುಕಾರ್ರೆ" ಎನ್ನುತ್ತಿದ್ದರು. "ಒಂಚೂರು ತಡೀರಿ. ಇದು ಮುಗೀಲಿ."

ಮುಗಿಸಿದೆ. ಆಮೇಲೆ ಅವರು ಕೇಳಿದ ಸಿನಿಮಾ ಹಾಡನ್ನು ಒಂದು ಸ್ವರವೂ ಅತ್ತಿತ್ತ ಆಗದಂತೆ ಬಾರಿಸಿದೆ.